ಚಪ್ಪಟೆ ತಲೆಯ ಸಹವಾಸ

ಐವತ್ತೈದು ದಾಟಿದ ಗಂಡಸಿಗೆ ಏನಾದರೊಂದು ಹಿಡಿದೇ ಹಿಡಿಯುತ್ತದೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ವೇದಾಂತ, ನತದೃಷ್ಟರಿಗೆ ಎರಡೂ. ಇಲ್ಲಿ ಐರ್ಲೆಂಡಿನ ಕಾರ್ಕ್ ಊರಿನ ಡಗ್ಲಸ್ ಬಡಾವಣೆಯಲ್ಲಿ ನಮಗೆ ಬೇಕಾದ ಒಬ್ಬರಿಗೆ ಬ್ರೆಡ್ ಮಾಡುವ ಹುಚ್ಚು ಹಿಡಿದಿದೆ. ಅವರ ಮನೆಗೆ ಹೋದವರು ದವಡೆ ನೋಯುವವರೆಗೆ ಅಗಿದು ‘ತುಂಬಾ ಚೆನ್ನಾಗಿದೆ’ ಅಂದು ಬರಬೇಕು. ನನಗೆ ಹಿಡಿದದ್ದು ಒಂದು ಕಾರು. ಕಾರು ಅಂದರೆ ಸುಳ್ಳು ಹೇಳಿದ ಹಾಗಾಗುತ್ತೆ. ಅದಕ್ಕೆ ಬಾಗಿಲಿಲ್ಲ, ಚಾವಣಿಯಿಲ್ಲ, ಹಾರ್ನ್ ಇಲ್ಲ, ರಿವರ್ಸ್ ಗೇರಿಲ್ಲ. ಎರಡು ಉದ್ದನೆಯ ಕಬ್ಬಿಣದ ಕೊಳವೆ, ಮುಂದೆ ಸೈಕಲ್ಲಿನಂಥ ತೆಳ್ಳಗಿನ ಎರಡು ಚಕ್ರ, ಹಿಂದೆ ದಪ್ಪನೆಯ ಎರಡು, ನಡುವೆ ಒಂದು ಮುದಿ ಎಂಜಿನ್ನು. ಹಿಂದಿನ ಚಕ್ರಗಳಿಗೂ ಹಿಂದೆ, ಬಾಲದ ತುದಿಯಲ್ಲಿ ನಾನು. ಇದಕ್ಕೆ ಡ್ರ್ಯಾಗ್‌ಸ್ಟರ್ ಅಂತಾರೆ. ನೆಟ್ಟಗೆ ಕಾಲು ಮೈಲಿ ಓಡುತ್ತೆ, ನಿಲ್ಲುತ್ತೆ, ಅಷ್ಟೆ. ವಾಪಸ್ಸು ಯಾರಾದರೂ ಎಳೆದುಕೊಂಡು ಬರಬೇಕು.

ಈ ವಿಷಯ ಕಾರ್ಕ್‌ನ ಕನ್ನಡದವರಲ್ಲಿ ಹಬ್ಬಿದ ಮೇಲೆ ಹಬ್ಬದ ಊಟಕ್ಕೆ ಎಲ್ಲಿ ಹೋದರೂ ನನ್ನನ್ನು ಒಂದು ಮೂಲೆಗೆ ಕರೆದು ವಿಚಾರಿಸುವವರೇ ಹೆಚ್ಚು. ಎಲ್ಲರ ಮೊದಲನೇ ಪ್ರಶ್ನೆ ಒಂದೇ: ‘ಮೈಲೇಜ್ ಎಷ್ಟು ಕೊಡುತ್ತೆ ಸಾರ್?’ ನಾನು ‘ಕಾಲು ಮೈಲಿ’ ಅಂತೀನಿ. ಅವರು ನಗುವುದಿಲ್ಲ. ಪಾಪ, ಲೀಟರಿಗೋ ಟ್ಯಾಂಕಿಗೋ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಹೋಗಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ತಾರೆ. ಮಾಸ್ಟರ್ಸ್ ಓದಲು ಬಂದ ಹುಡುಗನೊಬ್ಬ ಮಾತ್ರ ‘ಅಂಕಲ್, ಆಂಟಿ ಏನೂ ಅನ್ನಲ್ವಾ?’ ಅಂತ ಕೇಳಿದ. ಅವನು ಮುಂದೆ ಬರ್ತಾನೆ.

ಇದೆಲ್ಲ ಶುರುವಾದದ್ದು ಒಂದು ಏಣಿಯಿಂದ. ನಮ್ಮ ಮನೆಯ ಸೂರಿನ ಮಳೆನೀರಿನ ಪೈಪಿನಲ್ಲಿ ಎಲೆ ಕಟ್ಟಿಕೊಂಡು ನೀರು ಗೋಡೆಗೆ ಇಳಿಯುತ್ತಿತ್ತು. ಏಣಿ ಕೇಳಲು ಪಕ್ಕದ ಮನೆ ಡೆನಿಸ್ ಹತ್ತಿರ ಹೋದೆ. ಡೆನಿಸ್‌ಗೆ ಎಪ್ಪತ್ತೆಂಟು. ಹಾಲಿನ ಲಾರಿಗಳನ್ನು ರಿಪೇರಿ ಮಾಡುತ್ತಾ ಜೀವನ ಸವೆಸಿದ ಮನುಷ್ಯ. ಏಣಿ ಇದ್ದದ್ದು ಅವರ ಶೆಡ್ಡಿನಲ್ಲಿ, ಒಂದು ಟಾರ್ಪಾಲಿನ ಹಿಂದೆ. ಟಾರ್ಪಾಲು ಸರಿಸಿದರೆ ಕೆಳಗೆ ಎಂಜಿನ್ನು. ಹಳೇ ಮಿಲಿಟರಿ ಲಾರಿಯದು, ಎಂಟು ಸಿಲಿಂಡರ್. ಇಪ್ಪತ್ತೈದರ ವಯಸ್ಸಿನಲ್ಲಿ ಅದನ್ನು ಕೊಂಡು ರೇಸಿನ ಗಾಡಿ ಕಟ್ಟಬೇಕು ಅಂತ ಕೊಳವೆಗಳನ್ನೂ ಬೆಸುಗೆ ಹಾಕಿಟ್ಟಿದ್ದರಂತೆ. ಆಮೇಲೆ ಮದುವೆ, ಮಕ್ಕಳು, ಹಾಲಿನ ಲಾರಿ. ಐವತ್ತು ವರ್ಷದಿಂದ ಅದು ಟಾರ್ಪಾಲಿನ ಕೆಳಗೇ ಇತ್ತು. ನಾನು ಏಣಿ ತರಲು ಹೋದವನು ಎರಡು ಗಂಟೆ ಬಿಟ್ಟು ಕೈಯೆಲ್ಲ ಗ್ರೀಸು ಮಾಡಿಕೊಂಡು ಬಂದೆ. ಏಣಿ ಅಲ್ಲೇ ಮರೆತಿದ್ದೆ.

ನನ್ನ ಗ್ರೀಸಿನ ಹಸಿವು ನಿಮಗೆ ಅರ್ಥವಾಗಬೇಕಾದರೆ ನನ್ನ ನೌಕರಿ ಗೊತ್ತಿರಬೇಕು. ಲಿಟಲ್ ಐಲ್ಯಾಂಡ್‌ನ ಒಂದು ಔಷಧಿ ಕಾರ್ಖಾನೆಯಲ್ಲಿ ನಾನು ಮೇಂಟೆನೆನ್ಸ್ ಎಂಜಿನಿಯರ್. ಹೆಸರಿಗೆ ಎಂಜಿನಿಯರ್. ತಲೆಗೆ ಬಲೆ, ಗಡ್ಡ ಇಲ್ಲದಿದ್ದರೂ ಗಡ್ಡಕ್ಕೊಂದು ಬಲೆ, ಕೈಗೆ ಎರಡು ಜೊತೆ ಗ್ಲೌಸು. ಒಂದು ನಟ್ಟು ತಿರುಗಿಸಬೇಕಾದರೆ ಹನ್ನೊಂದು ಜನ ಸಹಿ ಹಾಕಬೇಕು, ತಿರುಗಿಸಿದ ಮೇಲೆ ತಿರುಗಿಸಿದ್ದು ಹೌದು ಅಂತ ಇನ್ನಿಬ್ಬರು. ಹಾಸನದ ಬಸ್ ಡಿಪೋದಲ್ಲಿ ಅಪ್ರೆಂಟಿಸ್ ಆಗಿದ್ದಾಗ ಉಗುರಿನ ಕೆಳಗೆ ಸೇರಿದ ಕಪ್ಪು ತೊಳೆಯಲು ಸೀಮೆಎಣ್ಣೆ ಬೇಕಾಗುತ್ತಿತ್ತು. ಇಲ್ಲಿ ಇಪ್ಪತ್ತು ವರ್ಷದಿಂದ ನನ್ನ ಕೈ ಪುರೋಹಿತರ ಕೈಗಿಂತ ಶುದ್ಧ. ಅಂಥವನಿಗೆ ಡೆನಿಸ್ ಒಂದು ಸ್ಪ್ಯಾನರ್ ಕೊಟ್ಟು, ಯಾರ ಸಹಿಯನ್ನೂ ಕೇಳದೆ, ‘ಆ ನಟ್ಟು ಬಿಚ್ಚು’ ಅಂದರು. ನಿಜ ಹೇಳಬೇಕು ಅಂದರೆ ಕಣ್ಣಲ್ಲಿ ನೀರು ಬಂತು. ಸ್ವಲ್ಪ ತುಕ್ಕೂ ಬಿದ್ದಿತ್ತು ಅನ್ನಿ.

ಈ ಎಂಜಿನ್ನಿಗೆ ಫ್ಲ್ಯಾಟ್‌ಹೆಡ್ ಅಂತ ಹೆಸರು, ಅಂದರೆ ಚಪ್ಪಟೆ ತಲೆ. ಈಗಿನ ಎಂಜಿನ್ನುಗಳ ತಲೆಯ ತುಂಬಾ ವಾಲ್ವು, ಸ್ಪ್ರಿಂಗು, ಏನೇನೋ ಇರುತ್ತೆ. ಇದರ ತಲೆಯಲ್ಲಿ ಏನೂ ಇಲ್ಲ. ಇರೋದೆಲ್ಲ ಹೊಟ್ಟೆಯಲ್ಲೇ, ಮೇಲೆ ಬರೀ ಒಂದು ಮುಚ್ಚಳ, ಟಿಫಿನ್ ಕ್ಯಾರಿಯರ್ ಮುಚ್ಚಳದ ಹಾಗೆ. ಇಂಥ ತಲೆಗೆ ಒಂದು ದೊಡ್ಡ ರೋಗ: ಬಹಳ ಬೇಗ ಬಿಸಿಯಾಗುತ್ತೆ. ಇದನ್ನು ನಾನು ಉತ್ಸಾಹದಿಂದ ನನ್ನ ಹೆಂಡತಿ ಪದ್ಮನಿಗೆ ವಿವರಿಸಿದೆ. ಅವಳು ಚಪಾತಿ ಲಟ್ಟಿಸುತ್ತಾ ಪೂರ್ತಿ ಕೇಳಿಸಿಕೊಂಡು, ‘ತಲೇಲಿ ಏನೂ ಇಲ್ಲ, ಬೇಗ ಬಿಸಿಯಾಗುತ್ತೆ. ಅದಕ್ಕೋಸ್ಕರ ಪಕ್ಕದ ಮನೆಗೆ ಯಾಕೆ ಹೋಗಬೇಕಿತ್ತು ರೀ?’ ಅಂದಳು.

ಮಗಳು ಅನಘ ಇಲ್ಲೇ ಹುಟ್ಟಿದವಳು. ಕನ್ನಡ ಪೂರಾ ಅರ್ಥವಾಗುತ್ತೆ, ಉತ್ತರ ಮಾತ್ರ ಕಾರ್ಕ್ ಇಂಗ್ಲಿಷಿನಲ್ಲಿ, ರಾಗವಾಗಿ. ‘ಡ್ಯಾಡ್, ಯು ಆರ್ ಫಿಫ್ಟಿ ನೈನ್, ಲೈಕ್’ ಅಂದಳು. ಲೈಕ್ ಅನ್ನುವುದು ಇಲ್ಲಿಯವರ ಪೂರ್ಣವಿರಾಮ. ನಾನು ‘ಐವತ್ತೆಂಟೂವರೆ’ ಅಂತ ತಿದ್ದಿದೆ.

ಹೀಗೆ ಎರಡು ವರ್ಷ ಪ್ರತಿ ಶನಿವಾರ ಶೆಡ್ಡಿನಲ್ಲಿ ಕಳೆದೆವು. ಡೆನಿಸ್ ಜೊತೆ ಕೆಲಸ ಮಾಡುವುದರಲ್ಲಿ ಇದ್ದ ಕಷ್ಟ ಒಂದೇ, ಅವರ ‘ಗ್ರ್ಯಾಂಡ್’. ನಾನು ಐರ್ಲೆಂಡಿಗೆ ಬಂದ ಮೊದಲ ವಾರ ಮ್ಯಾನೇಜರ್ ನನ್ನ ರಿಪೋರ್ಟ್ ನೋಡಿ ‘ಗ್ರ್ಯಾಂಡ್’ ಅಂದಾಗ ನಾನು ಹಿಗ್ಗಿ ಊರಿಗೆ ಫೋನ್ ಮಾಡಿ ಹೇಳಿದ್ದೆ. ಮನೆಯವರು ಪಾಯಸ ಮಾಡಿದರಂತೆ. ಗ್ರ್ಯಾಂಡ್ ಅಂದರೆ ‘ಪರವಾಗಿಲ್ಲ, ಸಾಕು ಬಿಡು’ ಅಂತ ತಿಳಿಯುವಷ್ಟರಲ್ಲಿ ಪಾಯಸ ಜೀರ್ಣವಾಗಿತ್ತು. ಡೆನಿಸ್ ಬಾಯಲ್ಲಿ ಅದು ಇನ್ನೂ ಅಗ್ಗ. ಗ್ಯಾಸ್ಕೆಟ್ ಸರಿಯಾಗಿ ಕೂತರೂ ಗ್ರ್ಯಾಂಡ್, ಸುಟ್ಟು ಹೋದರೂ ಗ್ರ್ಯಾಂಡ್. ಒಮ್ಮೆ ಸುತ್ತಿಗೆ ಅವರ ಹೆಬ್ಬೆರಳ ಮೇಲೆ ಬಿತ್ತು. ಉಗುರು ನೀಲಿಯಾಯಿತು, ಮನುಷ್ಯ ಬೆವೆತುಬಿಟ್ಟರು. ಹೇಗಿದೆ ಅಂದರೆ ಅದೇ ಉತ್ತರ.

ಪದ್ಮ ಒಳಗೆ ಬಂದದ್ದು ಹುಣಸೆಹಣ್ಣಿನ ಮೂಲಕ. ಕಾರ್ಬ್ಯುರೇಟರಿನ ಹಿತ್ತಾಳೆ ಚೂರುಗಳೂ ರೇಡಿಯೇಟರಿನ ಹಿತ್ತಾಳೆ ತೊಟ್ಟಿಯೂ ಹಸಿರುಗಟ್ಟಿದ್ದವು. ಡೆನಿಸ್ ಯಾವುದೋ ಡಬ್ಬಿಯ ಕೆಮಿಕಲ್ ತರಿಸಿ ಒಂದು ವಾರ ಉಜ್ಜಿದರು. ಪದ್ಮ ಚಹಾ ಕೊಡಲು ಬಂದವಳು ನೋಡಿ ಮನೆಗೆ ಹೋಗಿ ನೆನೆಸಿದ ಹುಣಸೆಹಣ್ಣು, ಉಪ್ಪು ತಂದು ದೇವರ ದೀಪ ತೊಳೆಯುವಂತೆ ತೊಳೆದಳು. ಹತ್ತು ನಿಮಿಷದಲ್ಲಿ ರೇಡಿಯೇಟರ್ ಫಳಫಳ ಅಂತು. ಡೆನಿಸ್ ಬೆರಳಿಗೆ ಮೆತ್ತಿದ ಹುಣಸೆಯನ್ನು ನೆಕ್ಕಿ ನೋಡಿ, ಇದನ್ನು ನೀವು ತಿಂತೀರಾ ಅಂತ ಕೇಳಿದರು. ದಿನಾ ತಿಂತೀವಿ ಅಂದೆ. ಅವರು ನನ್ನ ಹೊಟ್ಟೆಯನ್ನು ಬಹಳ ಗೌರವದಿಂದ ನೋಡಿದರು. ಅಂದಿನಿಂದ ಶೆಡ್ಡಿನಲ್ಲಿ ಏನೇ ತೀರ್ಮಾನವಾಗಬೇಕಾದರೂ ‘ಪದ್ಮ ಏನು ಹೇಳ್ತಾರೆ ಕೇಳೋಣ’ ಅನ್ನುವ ಹೊಸ ಪದ್ಧತಿ ಬಂತು. ನಮ್ಮ ಮನೆಯಲ್ಲಿ ಅದು ಹಳೇ ಪದ್ಧತಿ.

ಈಗ ಅಸಲು ವಿಷಯ. ಡೆನಿಸ್‌ಗೆ ಕಿವಿ ಹೋಗುತ್ತಿತ್ತು. ಎಡಗಿವಿ ಆಗಲೇ ಮುಚ್ಚಿತ್ತು, ಬಲಗಿವಿಗೆ ಮಿಷನ್ ಹಾಕಿಕೊಂಡಿದ್ದರು. ಅದೂ ಬಹಳ ದಿನ ಇರಲ್ಲ ಅಂತ ಡಾಕ್ಟರು ಹೇಳಿದ್ದರಂತೆ. ಇದನ್ನು ಅವರು ನನಗೆ ಹೇಳಿದ್ದು ಸ್ಪಾರ್ಕ್ ಪ್ಲಗ್ ಒರೆಸುತ್ತಾ, ನಾಳೆ ಮಳೆ ಬರಬಹುದು ಅನ್ನುವ ಧಾಟಿಯಲ್ಲಿ. ಎಂಟು ಸಿಲಿಂಡರ್ ಒಟ್ಟಿಗೆ ಹಾಡುತ್ತಾ ಕಾಲು ಮೈಲಿ ಪೂರ್ತಿ ಹೋಗುವುದನ್ನು ಒಂದು ಸಲ ಕೇಳಿಬಿಡಬೇಕು, ಆಮೇಲೆ ಕಿವಿ ಹೋದರೆ ಹೋಗಲಿ ಅಂದರು. ಹಾಗಾದರೆ ನೀವೇ ಓಡಿಸಿ ಅಂದೆ. ಎರಡೂ ಸೊಂಟದ ಕೀಲು ಬದಲಾಯಿಸಿಕೊಂಡವರು ಆ ಸೀಟಿನೊಳಗೆ ಇಳಿಯುವುದು ಸಾಧ್ಯವಿರಲಿಲ್ಲ. ಅದೂ ಅಲ್ಲದೆ ಅವರು ಹೇಳಿದ ಮಾತು ಇದು: ‘ಸೀಟಿನಲ್ಲಿ ಕೂತವನಿಗೆ ತನ್ನ ಭಯ ಬಿಟ್ಟು ಬೇರೇನೂ ಕೇಳಿಸಲ್ಲ. ನಾನು ಬೇಲಿ ಹತ್ತಿರ ನಿಂತಿರ್ತೀನಿ. ನೀನು ಓಡಿಸು.’ ಇಷ್ಟು ದೊಡ್ಡ ಕೆಲಸವನ್ನು ನನ್ನ ಜನ್ಮದಲ್ಲಿ ಯಾರೂ ನನಗೆ ಒಪ್ಪಿಸಿರಲಿಲ್ಲ. ಒಪ್ಪಿಕೊಂಡೆ.

ಹಳೇ ಗಾಡಿಗಳ ಕ್ಲಬ್ಬಿನವರು ವರ್ಷಕ್ಕೊಮ್ಮೆ, ಕಾರ್ಕ್‌ನಿಂದ ಎರಡು ಗಂಟೆ ದೂರದ ಒಂದು ಪಾಳುಬಿದ್ದ ವಿಮಾನ ನಿಲ್ದಾಣದಲ್ಲಿ ಓಟ ಇಡ್ತಾರೆ. ಫಾರಂಗೆ ಸಹಿ ಹಾಕಿ ಹೆಲ್ಮೆಟ್ ಹಾಕಿಕೊಂಡರೆ ಯಾರು ಬೇಕಾದರೂ, ಯಾವ ಗಾಡಿ ಬೇಕಾದರೂ ಓಡಿಸಬಹುದು. ಇಬ್ಬಿಬ್ಬರನ್ನು ಜೋಡಿ ಮಾಡಿ ಬಿಡ್ತಾರೆ. ಆ ಬೆಳಿಗ್ಗೆ ಬಾಡಿಗೆ ವ್ಯಾನಿನ ಹಿಂದೆ ಟ್ರೇಲರ್ ಕಟ್ಟಿ ನಾನೂ ಡೆನಿಸ್ಸೂ, ಹಿಂದೆ ನಮ್ಮ ಮನೆಯ ಎಲೆಕ್ಟ್ರಿಕ್ ಕಾರಿನಲ್ಲಿ ಪದ್ಮ. ಅವಳು ಬಂದದ್ದು ನೋಡಲಿಕ್ಕಲ್ಲ, ತಳ್ಳಲಿಕ್ಕೆ. ನಮ್ಮ ಗಾಡಿಗೆ ಸ್ಟಾರ್ಟರ್ ಇಲ್ಲ. ಹಿಂದಿನಿಂದ ಇನ್ನೊಂದು ಕಾರು ಮುಟ್ಟಿಸಿ ತಳ್ಳಬೇಕು, ವೇಗ ಬಂದಾಗ ನಾನು ಕ್ಲಚ್ ಬಿಡಬೇಕು, ಆಗ ಎಂಜಿನ್ ಹೊತ್ತಿಕೊಳ್ಳುತ್ತೆ. ನಮ್ಮ ಕಾರಿನ ಮೂತಿಗೆ ಹಳೇ ಟೈರೊಂದನ್ನು ಹಗ್ಗದಲ್ಲಿ ಕಟ್ಟಿದ್ದೆವು. ಮದುವೆಯಾದ ದಿನದಿಂದ ಈ ಹೆಂಗಸು ನನ್ನನ್ನು ಹಿಂದಿನಿಂದ ತಳ್ಳಿಕೊಂಡೇ ಬಂದಿದ್ದಾಳೆ. ಅಭ್ಯಾಸ ಬೇಕಾಗಲಿಲ್ಲ. ಒಂದೇ ಸಲ ತಳ್ಳಿದ್ದಕ್ಕೆ ಎಂಜಿನ್ ಗುಡುಗಿತು. ಅಷ್ಟು ದೂರದಲ್ಲಿ ಡೆನಿಸ್ ಎರಡೂ ಕೈಯೆತ್ತಿದ್ದು ಕಂಡಿತು.

ಗೆರೆಗೆ ಬಂದು ನಿಂತೆ. ದೊಡ್ಡ ರೇಸುಗಳಲ್ಲಿ ಬೇರೆ ಥರದ ದೀಪದ ಕಂಬ ಇರುತ್ತಂತೆ. ನಮ್ಮ ಕ್ಲಬ್ಬು ಬಡ ಕ್ಲಬ್ಬು, ರಸ್ತೆ ರಿಪೇರಿಯವರು ಬಳಸಿ ಬಿಟ್ಟ ಸಿಗ್ನಲ್ ಕಂಬ ತಂದು ನಿಲ್ಲಿಸಿದ್ದರು. ಕೆಂಪು, ಹಳದಿ, ಹಸಿರು. ಕೆಂಪು ದೀಪ ಉರಿಯುತ್ತಿತ್ತು. ಕಿವಿಗಡಚಿಕ್ಕುವ ಸದ್ದು, ಹಲ್ಲೆಲ್ಲ ನಡುಗುವ ನಡುಕ, ಮೂಗಿಗೆ ಪೆಟ್ರೋಲು. ಮರುಕ್ಷಣ ಎಲ್ಲ ನಿಶ್ಶಬ್ದ. ಎಲ್ಲೋ ಒಂದು ಕಾಗೆ ಕೂಗಿತು. ಹಸಿರು ದೀಪ ಬಂತು, ಪಕ್ಕದವನು ಹೊರಟೇ ಹೋದ, ನಾನು ಅಲ್ಲೇ ಕೂತಿದ್ದೆ. ಏನಾಯಿತು ಅಂತ ಕೆಳಗೆ ನೋಡಿದರೆ ನನ್ನ ಬಲಗೈ ಎಂಜಿನ್ ಆಫ್ ಮಾಡುವ ಸ್ವಿಚ್ಚಿನ ಮೇಲೆ ಇತ್ತು.

ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸಿದವರಿಗೆ ನಾನು ಹೇಳಬೇಕಾದ್ದಿಲ್ಲ. ಕೆಂಪು ದೀಪ ಬಿತ್ತೋ, ಎಂಜಿನ್ ಆಫ್. ಹದಿನಾಲ್ಕು ವರ್ಷ ರಾಜಾಜಿನಗರದಿಂದ ಪೀಣ್ಯಕ್ಕೆ ದಿನಾ ಹಾಗೇ ಹೋಗಿ ಬಂದವನು ನಾನು. ಇಳಿಜಾರಿನಲ್ಲೂ ಆಫ್, ನಮ್ಮನೆ ಇನ್ನೂ ನಾಲ್ಕು ಮನೆ ಆಚೆ ಇದೆ ಅನ್ನುವಾಗಲೂ ಆಫ್, ಉಳಿದದ್ದು ತೇಲಿಕೊಂಡು. ಮದುವೆಯಾದ ಹೊಸದರಲ್ಲಿ ಎಲ್ಲಾದರೂ ಮರೆತರೆ ಹಿಂದೆ ಕೂತ ಪದ್ಮ ಭುಜ ತಟ್ಟಿ ‘ಆಫ್ ಮಾಡ್ರೀ’ ಅನ್ನುತ್ತಿದ್ದಳು. ನವದಂಪತಿಗಳ ಸರಸ ಅಂದರೆ ಅಷ್ಟೇ ಆಗಿತ್ತು ಆಗ. ಐರ್ಲೆಂಡಿಗೆ ಬಂದ ಮೇಲೆ ಸಿಗ್ನಲ್ಲಿನಲ್ಲಿ ಕಾರೇ ತಾನಾಗಿ ಆಫ್ ಆಗಿ ತಾನಾಗಿ ಆನ್ ಆಗುವುದರಿಂದ ಆ ಕೈಗೆ ಕೆಲಸ ತಪ್ಪಿತ್ತು. ಚಟ ಎಲ್ಲಿಗೂ ಹೋಗಿರಲಿಲ್ಲ.

ಪದ್ಮ ಕಾರಿನಿಂದ ಇಳಿದು ಬಂದಳು. ‘ಕೆಟ್ಟು ಹೋಯ್ತಾ?’ ಅಂದಳು. ನಾನು ‘ಇಲ್ಲ, ಸಿಗ್ನಲ್ ಇತ್ತಲ್ಲ, ಆಫ್ ಮಾಡಿದೆ’ ಅಂದೆ. ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ‘ನೀನೇ ಕಲಿಸಿದ್ದು’ ಅಂತಲೂ ಸೇರಿಸಿದೆ. ಅವಳು ಟೈರಿನ ಮೇಲೆ ಕೂತು ಸೆರಗಿಲ್ಲದ್ದಕ್ಕೆ ಜಾಕೆಟ್ಟಿನ ತೋಳು ಬಾಯಿಗೆ ಒತ್ತಿಕೊಂಡು ನಕ್ಕಳು. ದೀಪದ ಹತ್ತಿರ ನಿಂತಿದ್ದ ಬ್ರೀಡಾ, ಓಟ ಬಿಡುವ ಹೆಂಗಸು, ಏನು ತೊಂದರೆ ಅಂತ ಕೇಳಿದಳು. ಪದ್ಮ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು, ಭುಜ ತಟ್ಟಿದ್ದು ಒಂದು ಬಿಟ್ಟು.

ಬೇಲಿಯ ಹತ್ತಿರ ಡೆನಿಸ್ ಕಿವಿಯ ಮಿಷನ್ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಸದ್ದು ನಿಂತದ್ದು ಎಂಜಿನ್ನಿನಲ್ಲೋ ತಮ್ಮ ಕಿವಿಯಲ್ಲೋ ಅಂತ ಅವರಿಗೆ ಗೊತ್ತಾಗಿರಲಿಲ್ಲ. ಅದನ್ನು ನೋಡಿದ ಮೇಲೆ ನನ್ನ ನಗು ಹೋಯಿತು. ಹೋಗಿ ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡನೇ ಸಲ ಸ್ವಿಚ್ಚಿನ ತಂಟೆಗೆ ಹೋಗಲಿಲ್ಲ. ನಮ್ಮ ಮುಂದಿನವನ ಗಾಡಿ ಎಣ್ಣೆ ಚೆಲ್ಲಿ ಅದನ್ನು ಒರೆಸುವವರೆಗೆ ಕಾಯಬೇಕಾಯಿತು, ಕಾಯುತ್ತಾ ನಿಂತಾಗ ಚಪ್ಪಟೆ ತಲೆ ತನ್ನ ಗುಣ ತೋರಿಸಿತು. ಹುಣಸೆಹಣ್ಣಿನಲ್ಲಿ ತೊಳೆದ ರೇಡಿಯೇಟರಿನಿಂದ ಬುಸ್ಸೆಂದು ಹಬೆ ಬಂದು ನನಗೆ ದೀಪವೇ ಕಾಣದಾಯಿತು. ಬ್ರೀಡಾ ಗಾಡಿ ಹಿಂದಕ್ಕೆ ತೆಗೆಸಿದಳು. ತಣ್ಣಗಾಗಲು ಒಂದೂವರೆ ಗಂಟೆ. ಅಷ್ಟು ಹೊತ್ತೂ ಡೆನಿಸ್ ಬೇಲಿ ಬಿಟ್ಟು ಬರಲಿಲ್ಲ. ಪದ್ಮ ಬುತ್ತಿಯಲ್ಲಿ ತಂದಿದ್ದ ಚಿತ್ರಾನ್ನವನ್ನು ಅಲ್ಲಿಗೇ ತಗೊಂಡು ಹೋಗಿ ಕೊಟ್ಟಳು.

ಮೂರನೇ ಸಲಕ್ಕೆ ನಾವೇ ಕೊನೆಯವರು. ಪಶ್ಚಿಮದಿಂದ ಮೋಡ ಏರುತ್ತಿತ್ತು, ರನ್‌ವೇ ಒದ್ದೆಯಾದರೆ ಅಲ್ಲಿಗೆ ಮುಗೀತು. ನನ್ನ ಜೋಡಿಯವನು ಗಾಡಿ ಕಟ್ಟಿಕೊಂಡು ಮನೆಗೆ ಹೋಗಿಯಾಗಿತ್ತು. ಬ್ರೀಡಾಗೆ ಜೋಡಿಯಿಲ್ಲದೆ ಬಿಡುವುದು ಸರಿಬರಲಿಲ್ಲವೋ ಅಥವಾ ಮಧ್ಯಾಹ್ನದ ನಗು ಇನ್ನೂ ಮುಗಿದಿರಲಿಲ್ಲವೋ, ನನ್ನನ್ನು ತಳ್ಳಿ ತಂದು ಹಿಂದೆ ನಿಂತಿದ್ದ ಪದ್ಮನನ್ನು ನೋಡಿ, ‘ನೀವೇ ಯಾಕೆ ಪಕ್ಕದ ಲೇನಿಗೆ ಬರಬಾರದು?’ ಅಂದಳು. ಫಾರಂಗೆ ಸಹಿ ಮಾಡಿಸಿ, ತನ್ನದೇ ಹೆಲ್ಮೆಟ್ ಕೊಟ್ಟು, ಟೈರು ಬಿಚ್ಚಿಸಿದಳು. ನಾನು ಬೇಡ ಅನ್ನಬೇಕು ಅಂತ ಬಾಯಿ ತೆರೆದೆ. ಎಂಟು ಸಿಲಿಂಡರಿನ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ.

ಕೆಂಪು ದೀಪ. ಬಲಗೈ ತುರಿಸಲು ಶುರುವಾಯಿತು. ಮುಟ್ಟಬೇಡ, ಮುಟ್ಟಬೇಡ ಅಂತ ಅದಕ್ಕೆ ಬುದ್ಧಿ ಹೇಳುತ್ತಾ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದು ಕೈಯನ್ನೇ ನೋಡುತ್ತಾ ಕೂತೆ. ಕೈ ಮುಟ್ಟಲಿಲ್ಲ, ಬಹಳ ಮರ್ಯಾದೆಯಿಂದ ನಡೆದುಕೊಂಡಿತು. ಸಂತೋಷದಿಂದ ತಲೆಯೆತ್ತಿದರೆ ದೀಪ ಯಾವಾಗಲೋ ಹಸಿರಾಗಿತ್ತು, ನಮ್ಮ ಮನೆಯ ಕಾರು ಸದ್ದಿಲ್ಲದೆ ಮೂವತ್ತು ಗಜ ಮುಂದಿತ್ತು. ಕ್ಲಚ್ ಬಿಟ್ಟೆ. ಅಯ್ಯಪ್ಪ, ಆ ಸದ್ದು, ಆ ಒದೆತ. ಬೆನ್ನು ಸೀಟಿಗೆ ಅಂಟಿತು, ಕೆನ್ನೆ ಕಿವಿಯ ಕಡೆ ಹೋಯಿತು, ಹೆದರಿಕೆ ಇದ್ದದ್ದು ನಿಜ, ಆದರೆ ನಾನು ನಗುತ್ತಿದ್ದೆ, ಚಿಕ್ಕ ಹುಡುಗರ ಹಾಗೆ ಜೋರಾಗಿ ನಗುತ್ತಿದ್ದೆ. ಅಷ್ಟು ಖುಷಿ ನನಗೆ ಯಾವ ಪ್ರಮೋಷನ್ನಿನಲ್ಲೂ ಆಗಿರಲಿಲ್ಲ. ಆ ಖುಷಿಯ ನಡುವೆಯೇ ಮುಂದಿನ ಕಾರಿನ ಹಿಂದಿನ ಗಾಜಿನಲ್ಲಿ ಹತ್ತು ಕೆಜಿ ಸೋನಾಮಸೂರಿ ಚೀಲ ಕಾಣುತ್ತಿತ್ತು. ಪದ್ಮ ಹಿಂದಿನ ದಿನ ಕೊಂಡು ಇಳಿಸದೇ ಬಿಟ್ಟದ್ದು. ಕೊನೆಯವರೆಗೂ ಆ ಚೀಲ ನನಗೆ ಸಿಗಲಿಲ್ಲ.

ಓಟ ಮುಗಿಸಿ, ಪದ್ಮ ನನ್ನನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದಳು. ದಾರಿಯಲ್ಲಿ ಬೇಲಿಯ ಹತ್ತಿರ ನಿಲ್ಲಿಸಿದೆವು. ಡೆನಿಸ್ ಬೇಲಿಯ ಕಂಬ ಹಿಡಿದು ರನ್‌ವೇ ಕಡೆ ಬಲಗಿವಿ ಕೊಟ್ಟು ಇನ್ನೂ ಹಾಗೇ ನಿಂತಿದ್ದರು. ಯಾರು ಗೆದ್ದರು ಅಂತ ನೋಡಿರಲೇ ಇಲ್ಲವಂತೆ, ಕಣ್ಣು ಮುಚ್ಚಿದ್ದರಂತೆ. ನಾನು ಕೂಗಿ ಕೇಳಿದೆ, ‘ಕೇಳಿಸ್ತಾ?’ ಅವರು ನನ್ನ ಹತ್ತಿರ ಬಂದು, ಬಹಳ ಗಂಭೀರವಾಗಿ, ‘ಆರನೇ ಸಿಲಿಂಡರ್ ಒಂದೆರಡು ಸಲ ತಪ್ಪಿತು. ಪ್ಲಗ್ ನೋಡಬೇಕು’ ಅಂದರು. ಅಂದು ಮುಗಿಸುವಷ್ಟರಲ್ಲಿ ಅತ್ತೇಬಿಟ್ಟರು. ನನ್ನ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ನಾನೂ ಅತ್ತೆ. ಪದ್ಮನೂ ಅತ್ತಳು, ಅವಳು ಗೆದ್ದವಳು, ಅವಳಿಗೆ ಅಳುವ ಅಗತ್ಯವಿರಲಿಲ್ಲ. ಮಳೆ ಸರಿಯಾಗಿ ಆಗ ಶುರುವಾಯಿತು.

ಓಟ ಮುಗಿದ ಮೇಲೆ ಒಬ್ಬೊಬ್ಬರಿಗೂ ಒಂದು ಚೀಟಿ ಕೊಡ್ತಾರೆ. ಹಸಿರು ದೀಪ ಬಂದಾಗಿನಿಂದ ಎಷ್ಟು ಸೆಕೆಂಡು ಆಯಿತು ಅಂತ ಅದರಲ್ಲಿ ಇರುತ್ತೆ. ನನ್ನ ಚೀಟಿಯನ್ನು ಡೆನಿಸ್ ಕೇಳಿ ಇಸಕೊಂಡು, ಅಂಕಿ ಓದದೆ, ಮಡಚಿ ಒಳಜೇಬಿಗೆ ಹಾಕಿಕೊಂಡರು. ಪದ್ಮನ ಚೀಟಿ ನಮ್ಮ ಫ್ರಿಡ್ಜಿನ ಬಾಗಿಲ ಮೇಲಿದೆ. ಮನೆಗೆ ಬಂದವರು ಡ್ರ್ಯಾಗ್‌ಸ್ಟರ್ ವಿಷಯ ಎತ್ತಿ, ಫ್ರಿಡ್ಜಿನ ಮುಂದೆ ನಿಂತು ಓದಿ, ‘ಪರವಾಗಿಲ್ವೇ ಸಾರ್, ಈ ವಯಸ್ಸಿನಲ್ಲಿ ಒಳ್ಳೇ ಸ್ಪೀಡು’ ಅಂತಾರೆ. ಚೀಟಿಯಲ್ಲಿ ಲೇನಿನ ನಂಬರ್ ಮಾತ್ರ ಇದೆ, ಓಡಿಸಿದವರ ಹೆಸರಿಲ್ಲ. ನಾನು ಏನೂ ಸುಳ್ಳು ಹೇಳುವುದಿಲ್ಲ. ಅಡುಗೆಮನೆಯಲ್ಲಿ ಪದ್ಮ ಇದ್ದಾಳೋ ಇಲ್ಲವೋ ಅಂತ ಒಮ್ಮೆ ನೋಡಿಕೊಂಡು, ‘ಏನೋ, ಡೆನಿಸ್ ಅವರ ಆಶೀರ್ವಾದ’ ಅಂದು ಸುಮ್ಮನಾಗ್ತೀನಿ.